ಗಡಿ ದಾಟುವ ಬೆಳಕು: ಬೆಳಕಿನ ಕಾಲುವೆಗಳ ಚರಿತ್ರೆ

ಚರಿತ್ರೆಯೆಂದೊಡನೆ ಕೋಟೆ, ಶಾಸನ, ದೇಗುಲ, ಕಾಳಗಗಳು ನಮ್ಮ ಕಣ್ಣ ಮುಂದೆ ಬಂದು ನಿಲ್ಲುತ್ತವೆ. ಉದಗೀರದ ಕೋಟೆಯನ್ನು ಕುರಿತು, ಧಾರಾಶಿವ ಮತ್ತು ಲಾತೂರ ಜಿಲ್ಲೆಗಳಲ್ಲಿ ದೊರೆತ ಕಲ್ಯಾಣದ ಚಾಲುಕ್ಯರ ಕಾಲದ ಕನ್ನಡ ಶಾಸನಗಳನ್ನು ಕುರಿತು ವಿದ್ವಾಂಸರು ಬರೆದಿದ್ದಾರೆ; ಬರೆಯಬೇಕಾದುದು ಇನ್ನೂ ಉಳಿದಿದೆ. ಆದರೆ ಮನುಷ್ಯಕುಲದ ಬಾಳನ್ನು ಅರಸರಷ್ಟೇ, ಒಮ್ಮೊಮ್ಮೆ ಅವರಿಗಿಂತ ಹೆಚ್ಚಾಗಿಯೇ, ತಿದ್ದಿ ರೂಪಿಸಿದವು ಉಪಕರಣಗಳು. ನೇಗಿಲಿಗೂ ತಕ್ಕಡಿಗೂ ಚರಿತ್ರೆಯುಂಟು. ಅಂಥದೊಂದು ಉಪಕರಣದ ಕಥೆಯನ್ನು ಈ ಸ್ಮರಣ ಸಂಚಿಕೆಯ ಓದುಗರ ಮುಂದಿಡುವುದು ನಮ್ಮ ಉದ್ದೇಶ.

ವಿಜ್ಞಾನಿಗಳು ಅದನ್ನು ವೇವ್‌ಗೈಡ್ ಎನ್ನುತ್ತಾರೆ. ಕನ್ನಡದಲ್ಲಿ ನಾವು ಅದನ್ನು ಬೆಳಕಿನ ಕಾಲುವೆ ಎಂದು ಕರೆಯೋಣ. ಉಗುರಿನಗಲದ ಬಿಲ್ಲೆಯೊಂದರ ಮೇಲೆ ತಲೆಗೂದಲಿಗಿಂತ ಎಷ್ಟೋ ಪಟ್ಟು ಸಣ್ಣದಾದ ಹಾದಿಯನ್ನು ರಚಿಸಿ, ಅದರಲ್ಲಿ ನೀರಿಗೆ ಬದಲಾಗಿ ಬೆಳಕನ್ನು ಹರಿಸುತ್ತಾರೆ. ಆ ಹಾದಿಯ ಮೇಲೆ ರಕ್ತದ, ಹಾಲಿನ ಅಥವಾ ಬಾವಿನೀರಿನ ಒಂದು ಹನಿಯನ್ನಿಟ್ಟರೆ, ಹನಿಯಲ್ಲಿ ನಾವು ಹುಡುಕುವ ವಸ್ತು ಇದೆಯೇ, ಇದ್ದರೆ ಎಷ್ಟಿದೆ ಎಂಬುದನ್ನು ಆ ಬೆಳಕು ತಿಳಿಸುತ್ತದೆ. ದೊಡ್ಡ ಪ್ರಯೋಗಾಲಯವೊಂದು ಮಾಡುವ ಕೆಲಸದ ಒಂದು ಪಾಲನ್ನು ಅಂಗೈಯಲ್ಲಿ ಹಿಡಿಸುವ ಈ ಪ್ರಯತ್ನದ ಹಿಂದೆ ಮೂರು ಶತಮಾನಗಳಿಗೂ ಮೀರಿದ ಸಾಧನೆಯಿದೆ.

ಕಬ್ಬಿನ ಹಾಲಿನ ಒಂದು ಹನಿ

ಇದು ನಮಗೆ ಸಂಬಂಧಿಸದ ವಿಷಯವೆಂದು ಓದುಗರು ಪುಟ ಮಗುಚಬೇಕಾಗಿಲ್ಲ. ಈ ಉಪಕರಣದ ಹಿರಿಯಣ್ಣನನ್ನು ನಮ್ಮ ಸೀಮೆಯ ಕಬ್ಬು ಬೆಳೆಗಾರರು ಬಹುಕಾಲದಿಂದ ಬಲ್ಲರು. ಮುರುಮ್, ಕಿಲ್ಲಾರಿ ಮೊದಲಾದೆಡೆಗಳಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆಗಳು ತಲೆಯೆತ್ತಿದ ಮೇಲೆ ಬ್ರಿಕ್ಸ್ ಎಂಬ ಮಾತು ಶಾಲೆಯ ಮುಖ ಕಾಣದ ರೈತನ ಬಾಯಲ್ಲೂ ಬಂತು. ಕಬ್ಬು ಮಾಗಿದೆಯೇ ಎಂದು ನೋಡಲು ಜಲ್ಲೆಯ ಬುಡದ ರಸವನ್ನೊಮ್ಮೆ, ತುದಿಯ ರಸವನ್ನೊಮ್ಮೆ ಸಣ್ಣ ಕೊಳವೆಯಂಥ ಸಾಧನದ ಗಾಜಿನ ಮೇಲೆ ಹನಿಸಿ, ಆಕಾಶದ ಕಡೆಗೆ ಹಿಡಿದು, ಕಣ್ಣಿಟ್ಟು ನೋಡುತ್ತಾರೆ. ಒಳಗೆ ಅರ್ಧ ಬೆಳಕು, ಅರ್ಧ ನೆರಳು. ಇವೆರಡರ ನಡುವಿನ ಗೆರೆ ಅಳತೆಪಟ್ಟಿಯ ಮೇಲೆ ಎಲ್ಲಿ ಬಿದ್ದಿದೆಯೋ ಅದೇ ರಸದ ಬ್ರಿಕ್ಸ್. ನೂರು ಗ್ರಾಂ ರಸದಲ್ಲಿ ಕರಗಿದ ಸಕ್ಕರೆ ಎಷ್ಟು ಗ್ರಾಂ ಎಂಬುದನ್ನು ಅದು ಸುಮಾರಾಗಿ ಸೂಚಿಸುತ್ತದೆ. ಬುಡದ ಅಂಕಿಯೂ ತುದಿಯ ಅಂಕಿಯೂ ಹತ್ತಿರ ಬಂದರೆ ಕಬ್ಬು ಮಾಗಿದಂತೆ.

ಆ ಗೆರೆ ಮೂಡುವುದು ಹೇಗೆ? ಬೆಳಕು ಒಂದು ಪದಾರ್ಥದಿಂದ ಇನ್ನೊಂದಕ್ಕೆ ಓರೆಯಾಗಿ ಸಾಗುವಾಗ ದಿಕ್ಕು ಬದಲಿಸುತ್ತದೆ. ನೀರಿನ ಲೋಟದಲ್ಲಿಟ್ಟ ಕಡ್ಡಿ ಮುರಿದಂತೆ ಕಾಣುವುದು ಇದರಿಂದಲೇ. ಯಾವ ಪದಾರ್ಥ ಬೆಳಕನ್ನು ಎಷ್ಟು ಬಾಗಿಸುತ್ತದೆಂಬ ಲೆಕ್ಕಕ್ಕೆ ವಕ್ರೀಭವನ ಸೂಚ್ಯಂಕವೆಂದು ಹೆಸರು. ನೀರಿಗೆ ಅದು 1.333, ನೂರರಲ್ಲಿ ಇಪ್ಪತ್ತು ಪಾಲು ಸಕ್ಕರೆ ಕರಗಿದ ನೀರಿಗೆ 1.364. ಇನ್ನು, ಹೆಚ್ಚು ಸೂಚ್ಯಂಕದ ಪದಾರ್ಥದಿಂದ ಕಡಿಮೆ ಸೂಚ್ಯಂಕದ ಪದಾರ್ಥದ ಕಡೆಗೆ ಹೊರಟ ಬೆಳಕು ಒಂದು ಮಿತಿಗಿಂತ ಹೆಚ್ಚು ಓರೆಯಾಗಿ ಗಡಿಗೆ ಬಂದರೆ ಆಚೆಗೆ ಹೋಗದು; ಪೂರ್ತಿಯಾಗಿ ಹಿಂದಿರುಗುತ್ತದೆ. ನೀರಿನಿಂದ ಗಾಳಿಗೆ ಹೊರಟ ಬೆಳಕಿಗೆ ಈ ಮಿತಿ ಸುಮಾರು 48.6 ಡಿಗ್ರಿ. ಇದೇ ಪೂರ್ಣ ಆಂತರಿಕ ಪ್ರತಿಫಲನ. ಜರ್ಮನಿಯ ಕೆಪ್ಲರ್ 1611ರಷ್ಟು ಹಿಂದೆಯೇ ತನ್ನ ಗ್ರಂಥದಲ್ಲಿ ಇದನ್ನು ವಿವರಿಸಿದ್ದ. ರಸದಲ್ಲಿ ಸಕ್ಕರೆ ಹೆಚ್ಚಿದಂತೆ ಈ ಮಿತಿ ಜರುಗುತ್ತದೆ. ಮಿತಿ ಜರುಗಿದಂತೆ ಬೆಳಕು ನೆರಳಿನ ನಡುವಿನ ಗೆರೆಯೂ ಜರುಗುತ್ತದೆ.

ಈ ತತ್ತ್ವವನ್ನು ಉಪಕರಣವಾಗಿಸಿದವನು ಜರ್ಮನಿಯ ಯೇನಾ ಪಟ್ಟಣದ ಎರ್ನ್ಸ್ಟ್ ಅಬೆ. 1874ರಲ್ಲಿ ಅವನು ತನ್ನ ವಕ್ರೀಭವನಮಾಪಕವನ್ನು ಕುರಿತು ಪ್ರಕಟಿಸಿದ. ಅದಕ್ಕೆ ಹಿಂದೆ ದ್ರವದ ಸೂಚ್ಯಂಕವನ್ನು ಅಳೆಯಲು ಟೊಳ್ಳು ಪಟ್ಟಕದ ತುಂಬ ದ್ರವ ಬೇಕಾಗಿತ್ತು. ಅಬೆಯ ಉಪಕರಣಕ್ಕೆ ಒಂದೆರಡು ಹನಿ ಸಾಕಾಯಿತು. ವಸ್ತುವನ್ನು ಕಾಯಿಸದೆ, ಬಣ್ಣ ಬೆರೆಸದೆ, ಗಾಜಿನ ಮೇಲಿನ ಹನಿಯನ್ನು ಬೆಳಕಿನಿಂದಲೇ ಪರೀಕ್ಷಿಸುವ ವಿದ್ಯೆ ಇಲ್ಲಿ ಮೊದಲಾಯಿತೆನ್ನಬಹುದು. ಅಂದಿನಿಂದ ಇಂದಿನವರೆಗೆ ಬೆಳೆದಿರುವುದು ಅದರ ಸೂಕ್ಷ್ಮತೆ. ಅಬೆಯ ಉಪಕರಣ ಸೂಚ್ಯಂಕದ ನಾಲ್ಕನೆಯ ದಶಮಾಂಶ ಸ್ಥಾನದವರೆಗೆ ಅಳೆಯಿತು. ಇಂದಿನ ಉತ್ತಮ ಬೆಳಕಿನ ಕಾಲುವೆ ಆರನೆಯ, ಏಳನೆಯ ಸ್ಥಾನದ ವ್ಯತ್ಯಾಸವನ್ನೂ ಗುರುತಿಸಬಲ್ಲುದು.

ಧಾರೆಯೊಳಗೆ ಹರಿದ ಬೆಳಕು

ಗಡಿಯಲ್ಲಿ ಹಿಂದಿರುಗುವ ಬೆಳಕನ್ನು ಎರಡು ಗಡಿಗಳ ನಡುವೆ ಸಿಲುಕಿಸಿದರೆ ಏನಾದೀತು? ಅದು ಆ ಗೋಡೆಗೆ ತಾಗಿ ಈ ಗೋಡೆಗೆ, ಈ ಗೋಡೆಗೆ ತಾಗಿ ಆ ಗೋಡೆಗೆ ಪುಟಿಯುತ್ತ ಮುಂದೆ ಸಾಗಲೇಬೇಕು. ಇದನ್ನು ಮೊದಲು ಸಾರ್ವಜನಿಕರಿಗೆ ತೋರಿಸಿದವನು ಜಿನೀವಾದ ಡೇನಿಯಲ್ ಕೊಲಾಡನ್. 1841ರಲ್ಲಿ ಅವನು ತೊಟ್ಟಿಯ ತೂತಿನಿಂದ ಬಾಗಿ ಬೀಳುವ ನೀರಿನ ಧಾರೆಯೊಳಗೆ ಬೆಳಕನ್ನು ಹಾಯಿಸಿದ. ನೇರವಾಗಿ ಸಾಗುವುದೇ ಬೆಳಕಿನ ಧರ್ಮವೆಂದು ತಿಳಿದಿದ್ದ ಜನ, ಅದು ಧಾರೆಯ ಜೊತೆಗೇ ಬಾಗಿ ಕೆಳಗೆ ಬಿದ್ದುದನ್ನು ಕಂಡು ಬೆರಗಾದರು. 1854ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಜಾನ್ ಟಿಂಡಲ್ ಇದೇ ಪ್ರಯೋಗವನ್ನು ಮಾಡಿ ತೋರಿಸಿದ.

ನೂರು ವರ್ಷಗಳ ಕಾಲ ಇದು ಪ್ರದರ್ಶನದ ವಸ್ತುವಾಗಿಯೇ ಬಹುಮಟ್ಟಿಗೆ ಉಳಿಯಿತು. ಅದನ್ನು ಗಾಜಿನ ಎಳೆಗೆ ಇಳಿಸಿ ಉಪಯುಕ್ತ ವಿದ್ಯೆಯಾಗಿಸಿದವರಲ್ಲಿ ಭಾರತೀಯರೊಬ್ಬರ ಹೆಸರು ಮುಖ್ಯವಾದುದು. ಪಂಜಾಬಿನ ಮೋಗಾದಲ್ಲಿ 1926ರಲ್ಲಿ ಜನಿಸಿದ ನರಿಂದರ್ ಸಿಂಗ್ ಕಪಾನಿ, ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಅವರೊಡನೆ ದುಡಿದು, ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಿದ ವರದಿಯನ್ನು 1954ರ ಜನವರಿಯಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಹೊಟ್ಟೆಯೊಳಗನ್ನು ನೋಡುವ ಎಂಡೋಸ್ಕೋಪಿಗೆ ಇದರಿಂದ ಹೊಸ ಬಲ ಬಂತು. 1966ರಲ್ಲಿ ಚಾರ್ಲ್ಸ್ ಕಾವ್, ಗಾಜನ್ನು ಸಾಕಷ್ಟು ಶುದ್ಧಗೊಳಿಸಿದರೆ ಬೆಳಕಿನ ಮೂಲಕ ದೂರದೂರಕ್ಕೆ ಸಂದೇಶ ಕಳಿಸಬಹುದೆಂದು ತೋರಿಸಿದರು. 2009ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ಇಂದು ನಮ್ಮ ಹಳ್ಳಿಗಳ ರಸ್ತೆಯ ಬದಿಯಲ್ಲಿ ಹೂತಿರುವ ಇಂಟರ್ನೆಟ್ ಕೇಬಲ್ಲಿನಲ್ಲಿ ಹರಿಯುವುದು ಕೊಲಾಡನ್ ತೋರಿಸಿದ ಆ ಬೆಳಕೇ.

ಗಡಿಯಾಚೆಗಿನ ತುಸು ಬೆಳಕು

ಸಂದೇಶ ಸಾಗಿಸುವವರಿಗೆ ಬೆಳಕು ಕಾಲುವೆಯೊಳಗೇ ಇದ್ದರೆ ಒಳಿತು. ಆದರೆ ನಮ್ಮ ಕಥೆಗೆ ಬೇಕಾದುದು ಕಾಲುವೆಯ ಹೊರಕ್ಕೆ ಇಣುಕುವ ಬೆಳಕು. ಗಡಿಯಲ್ಲಿ ಬೆಳಕು ಪೂರ್ತಿಯಾಗಿ ಹಿಂದಿರುಗುತ್ತದೆಂದು ಮೇಲೆ ಹೇಳಿದೆವಷ್ಟೆ. ಆ ಮಾತಿಗೆ ಒಂದು ತಿದ್ದುಪಡಿ ಉಂಟು: ಹಿಂದಿರುಗುವ ಮುನ್ನ ಅದು ಗಡಿಯಾಚೆಗೆ ಒಂದಿಷ್ಟು ಚಾಚಿಕೊಳ್ಳುತ್ತದೆ.

ಇದರ ಸುಳಿವು ನ್ಯೂಟನ್ನಿಗೇ ಸಿಕ್ಕಿತ್ತು. ಎರಡು ಗಾಜಿನ ಪಟ್ಟಕಗಳನ್ನು ಒಂದಕ್ಕೊಂದು ಒತ್ತಿದಾಗ, ಅವು ನಿಜವಾಗಿ ತಾಗಿದ ಜಾಗದಲ್ಲಿ ಮಾತ್ರವಲ್ಲ, ಬಹಳ ಹತ್ತಿರ ಬಂದ ಜಾಗದಲ್ಲಿಯೂ ಬೆಳಕು ಒಂದರಿಂದ ಇನ್ನೊಂದಕ್ಕೆ ದಾಟಿತು. 1704ರ ತನ್ನ ಬೆಳಕಿನ ಗ್ರಂಥದಲ್ಲಿ ಅವನು ಇದನ್ನು ದಾಖಲಿಸಿದ. ಇದನ್ನು ಅಳತೆಗೆ ಒಳಪಡಿಸಿದವರಲ್ಲಿ ನಮ್ಮ ಜಗದೀಶಚಂದ್ರ ಬೋಸರು ಸ್ಮರಣೀಯರು. ಕಲಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನ ಸಣ್ಣ ಕೋಣೆಯಲ್ಲಿ, ತಾವೇ ಮಾಡಿಸಿದ ಸಾಧನಗಳಿಂದ, ಅವರು ಕೆಲವೇ ಮಿಲಿಮೀಟರ್ ಉದ್ದದ ವಿದ್ಯುದಲೆಗಳನ್ನು ಹುಟ್ಟಿಸಿದ್ದರು. ಎರಡು ಪಟ್ಟಕಗಳ ನಡುವೆ ಗಾಳಿಯ ತೆರಪನ್ನು ಹೆಚ್ಚು ಕಡಿಮೆ ಮಾಡುತ್ತ, ಎಷ್ಟು ತೆರಪಿನವರೆಗೆ ಅಲೆ ದಾಟುತ್ತದೆಂದು ಪರೀಕ್ಷಿಸಿದರು. ಅಲೆಯ ಉದ್ದ ಹೆಚ್ಚಾದಷ್ಟೂ ಅದು ಹೆಚ್ಚು ದೂರ ದಾಟುತ್ತದೆಂದು ಕಂಡುಕೊಂಡು 1897ರಲ್ಲಿ ಪ್ರಕಟಿಸಿದರು. ಕಾಣುವ ಬೆಳಕಿನಲ್ಲಿ ಈ ತೆರಪು ಕಣ್ಣಿಗೆ ಸಿಗದಷ್ಟು ಸಣ್ಣದು. ಬೋಸರ ಅಲೆಗಳಲ್ಲಿ ಅದು ಕೈಯಿಂದ ಸರಿಸಿ ಅಳೆಯುವಷ್ಟು ದೊಡ್ಡದಾಯಿತು.

ಗಡಿಯಾಚೆ ಚಾಚಿದ ಈ ಬೆಳಕು ದೂರ ಹೋದಂತೆ ಬೇಗಬೇಗನೆ ಕ್ಷೀಣಿಸುತ್ತದೆ. ಇಂದಿನ ಸಂವೇದಕಗಳಲ್ಲಿ ಅದರ ಚಾಚು ನೂರಿನ್ನೂರು ನ್ಯಾನೋಮೀಟರ್ ಮಾತ್ರ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲೇ ಒಂದು ನ್ಯಾನೋಮೀಟರ್. ಇಷ್ಟು ಕಿರಿದಾದುದೇ ಇದರ ಹೆಚ್ಚುಗಾರಿಕೆ. ಮೇಲಿನ ಹನಿಯ ಒಟ್ಟು ಗಾತ್ರವನ್ನು ಅದು ಬಹುಮಟ್ಟಿಗೆ ಅಲಕ್ಷಿಸಿ, ಗಡಿಗೆ ಅಂಟಿಕೊಂಡುದನ್ನು ಮಾತ್ರ ಚೆನ್ನಾಗಿ ಗಮನಿಸುತ್ತದೆ. ಕೆಂಪು ರಕ್ತಕಣದ ಅಗಲ ಏಳೆಂಟು ಸಾವಿರ ನ್ಯಾನೋಮೀಟರ್. ಆದ್ದರಿಂದ ಅದು ಈ ಬೆಳಕಿನ ತೆಕ್ಕೆಗೆ ಪೂರ್ತಿ ಸಿಗದು. ಹತ್ತು ಹದಿನೈದು ನ್ಯಾನೋಮೀಟರಿನ ಪ್ರತಿಕಾಯದ ಅಣು ಇಡಿಯಾಗಿ ಸಿಗುತ್ತದೆ.

ಬಿಲ್ಲೆಯ ಮೇಲಿನ ಬದು

ಎರಡು ಬೇರೆ ಬೇರೆ ವಿದ್ಯೆಗಳು ಕೂಡಿದಾಗ ಈ ಉಪಕರಣ ಹುಟ್ಟಿತು. ಮೊದಲನೆಯದು ಬೆಳಕನ್ನು ಬಿಲ್ಲೆಯ ಮೇಲೆ ನಡೆಸುವ ವಿದ್ಯೆ. ಅಮೆರಿಕದ ಬೆಲ್ ಪ್ರಯೋಗಾಲಯದ ಸ್ಟೀವರ್ಟ್ ಮಿಲ್ಲರ್ 1969ರಲ್ಲಿ, ವಿದ್ಯುನ್ಮಾನ ಬಿಡಿಭಾಗಗಳನ್ನು ಚಿಪ್ಪಿನಲ್ಲಿ ಕೂಡಿಸಿದಂತೆಯೇ ಬೆಳಕಿನ ಬಿಡಿಭಾಗಗಳನ್ನೂ ಒಂದೇ ಬಿಲ್ಲೆಯ ಮೇಲೆ ಕೂಡಿಸಬಹುದೆಂದು ಯೋಜನೆಯನ್ನು ಮುಂದಿಟ್ಟರು. ಎರಡನೆಯದು ಜೀವವಸ್ತುವಿನಿಂದಲೇ ವಸ್ತುವನ್ನು ಗುರುತಿಸುವ ವಿದ್ಯೆ. ಲೀಲೆಂಡ್ ಕ್ಲಾರ್ಕ್ 1962ರಲ್ಲಿ ಕಿಣ್ವವನ್ನು ವಿದ್ಯುದ್ವಾರದೊಡನೆ ಜೋಡಿಸಿ ಸಕ್ಕರೆಯನ್ನು ಅಳೆಯುವ ದಾರಿ ತೋರಿಸಿದರು. ಮಧುಮೇಹಿಗಳು ಮನೆಯಲ್ಲಿ ಬೆರಳು ಚುಚ್ಚಿ ನೋಡುವ ಯಂತ್ರ ಆ ವಂಶಕ್ಕೆ ಸೇರಿದುದು.

ಇವೆರಡೂ ಕೂಡಲು ಒಂದು ತೊಡಕೇ ಕಾರಣವಾಯಿತೆಂಬುದು ಈ ಚರಿತ್ರೆಯ ಸ್ವಾರಸ್ಯದ ಭಾಗ. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಲುಕೋಸ್ ಮತ್ತು ಕುರ್ಟ್ ಟೀಫೆನ್‌ಥಾಲರ್ 1980ರ ದಶಕದ ಮೊದಲ ವರ್ಷಗಳಲ್ಲಿ ತೆಳುವಾದ ಬೆಳಕಿನ ಕಾಲುವೆಗಳ ಮೇಲೆ ಕೆಲಸ ಮಾಡುತ್ತಿದ್ದಾಗ, ಗಾಳಿಯ ತೇವ ಹೆಚ್ಚು ಕಡಿಮೆಯಾದರೆ ಬೆಳಕಿನ ನಡೆಯೂ ಬದಲಾಗುವುದನ್ನು ಕಂಡರು. ಕಾಲುವೆಯ ಮೈಗೆ ನೀರಿನ ಅಣುಗಳು ಅಂಟುತ್ತಿದ್ದವು; ಗಡಿಯಾಚೆ ಚಾಚಿದ ಬೆಳಕು ಅವನ್ನು ಮುಟ್ಟಿ ನಿಧಾನವಾಗುತ್ತಿತ್ತು. ಬೇರೆ ಕೆಲಸಕ್ಕೆ ತೊಂದರೆಯಾಗಿದ್ದ ಈ ಗುಣವೇ ಅಳತೆಯ ಸಾಧನವಾಗಬಲ್ಲುದೆಂದು ಅವರು ಗ್ರಹಿಸಿದರು. 1984ರಲ್ಲಿ ಅನಿಲಗಳ ಸಂವೇದನೆಗೆ ಅದನ್ನು ಬಳಸುವ ಬಗೆಯನ್ನೂ, 1989ರಲ್ಲಿ ಅದರ ಸೂಕ್ಷ್ಮತೆಯ ವಿವರವಾದ ಲೆಕ್ಕವನ್ನೂ ಪ್ರಕಟಿಸಿದರು. ಇದೇ ಹೊತ್ತಿಗೆ, 1983ರಲ್ಲಿ, ಸ್ವೀಡನ್ನಿನ ಬೂ ಲೀಡ್‌ಬೆರಿ ಮತ್ತು ಸಂಗಡಿಗರು ತೆಳುವಾದ ಲೋಹದ ಪದರದ ಮೇಲೆ ಇಂಥದೇ ಕ್ಷೀಣಿಸುವ ಬೆಳಕಿನಿಂದ ಜೀವಾಣುಗಳ ಕೂಡಿಕೆಯನ್ನು ಗುರುತಿಸಿದರು. 1990ರಲ್ಲಿ ಆ ಬಗೆಯ ಉಪಕರಣ ಮಾರುಕಟ್ಟೆಗೆ ಬಂದು ಔಷಧ ಸಂಶೋಧನೆಯಲ್ಲಿ ನೆಲೆಯೂರಿತು.

ಇಂದಿನ ಸಿಲಿಕಾನ್ ಬಿಲ್ಲೆಯನ್ನು ಕಲ್ಪಿಸಿಕೊಳ್ಳೋಣ. ಕಾಲುವೆಯೆಂದರೂ ಇದು ತಗ್ಗಲ್ಲ. ಹೊಲದ ಬದುವಿನಂತೆ ಎದ್ದು ನಿಂತ ಗೆರೆ. ಅದರ ಅಗಲ ಸುಮಾರು 450 ನ್ಯಾನೋಮೀಟರ್, ಎತ್ತರ 220 ನ್ಯಾನೋಮೀಟರ್. ಸಿಲಿಕಾನಿನ ಸೂಚ್ಯಂಕ ಸುಮಾರು 3.5 ಆದುದರಿಂದ ಬೆಳಕು ಇಷ್ಟು ಕಿರಿದಾದ ಹಾದಿಯಲ್ಲೂ ನಿಲ್ಲುತ್ತದೆ. ಆ ಬದುವಿನ ಮೈಗೆ, ನಾವು ಹುಡುಕುವ ವಸ್ತುವನ್ನು ಮಾತ್ರ ಹಿಡಿಯುವ ಪ್ರತಿಕಾಯಗಳನ್ನು ಅಂಟಿಸಿರುತ್ತಾರೆ. ಬೀಗಕ್ಕೆ ತನ್ನದೇ ಕೀಲಿ ಕೂಡುವಂತೆ ವಸ್ತು ಬಂದು ಕೂಡುತ್ತದೆ. ಕೂಡಿದೊಡನೆ ಅಲ್ಲಿನ ಸೂಚ್ಯಂಕ ಎಳ್ಳಿನಷ್ಟು ಏರುತ್ತದೆ. ಬೆಳಕು ಅಷ್ಟೇ ನಿಧಾನವಾಗುತ್ತದೆ.

ಈ ನಿಧಾನವನ್ನು ಅಳೆಯುವ ಬಗೆ ಎರಡು. ಒಂದರಲ್ಲಿ ಬೆಳಕನ್ನು ಎರಡು ಕವಲಾಗಿ ಒಡೆದು, ಒಂದನ್ನು ಹನಿಯ ಅಡಿಯಲ್ಲೂ ಇನ್ನೊಂದನ್ನು ಮುಚ್ಚಿದ ಹಾದಿಯಲ್ಲೂ ನಡೆಸಿ ಮತ್ತೆ ಕೂಡಿಸುತ್ತಾರೆ. ಒಂದೇ ನೊಗದ ಎರಡು ಎತ್ತುಗಳಲ್ಲಿ ಒಂದು ಹಿಂದುಳಿದರೆ ಗಾಡಿಯ ನಡೆ ತಪ್ಪುವಂತೆ, ಕೂಡಿದ ಬೆಳಕಿನ ಪ್ರಖರತೆ ಬದಲಾಗುತ್ತದೆ. ಇನ್ನೊಂದರಲ್ಲಿ ಕಾಲುವೆಯ ಪಕ್ಕದಲ್ಲಿ ಅಷ್ಟೇ ಸಣ್ಣ ಉಂಗುರವೊಂದಿರುತ್ತದೆ. ಕಾಲುವೆಯ ಬೆಳಕು ನಡುವಿನ ತೆರಪನ್ನು ದಾಟಿ ಉಂಗುರಕ್ಕೆ ಸೇರುತ್ತದೆ; ಬೋಸರ ಪಟ್ಟಕಗಳಲ್ಲಿ ಅಲೆ ದಾಟಿದಂತೆಯೇ ಇದು. ಅಲ್ಲಿ ಬೆಳಕು ಗುಡಿಯ ಸುತ್ತ ಪ್ರದಕ್ಷಿಣೆ ಹಾಕುವಂತೆ ಸುತ್ತುತ್ತದೆ. ಸುತ್ತಿನ ಉದ್ದಕ್ಕೆ ಸರಿಹೊಂದುವ ತರಂಗಾಂತರದ ಬೆಳಕು ಮಾತ್ರ ಅಲ್ಲಿ ಬಲಗೊಳ್ಳುತ್ತದೆ. ಉಂಗುರದ ಮೈಗೆ ಅಣು ಕೂಡಿದರೆ ಆ ತರಂಗಾಂತರ ಜರುಗುತ್ತದೆ. ಪ್ರತಿ ಸುತ್ತಿನಲ್ಲೂ ಬೆಳಕು ಅದೇ ಅಣುವನ್ನು ಮತ್ತೆ ಮುಟ್ಟುವುದರಿಂದ, ಕೆಲವೇ ಮೈಕ್ರೋಮೀಟರ್ ಅಗಲದ ಉಂಗುರ ಬಹು ಉದ್ದದ ಕಾಲುವೆಯ ಕೆಲಸ ಮಾಡುತ್ತದೆ. ಬೆಲ್ಜಿಯಮಿನ ಘೆಂಟ್ ವಿಶ್ವವಿದ್ಯಾಲಯದವರು 2007ರಲ್ಲಿ ಐದು ಮೈಕ್ರೋಮೀಟರ್ ತ್ರಿಜ್ಯದ ಇಂಥ ಉಂಗುರದಿಂದ ಪ್ರೋಟೀನನ್ನು ಗುರುತಿಸಿ ತೋರಿಸಿದರು.

ಕಾವೇರಿಯ ನಾಡಿನಲ್ಲಿ, ಕೊಂಕಣದ ತೀರದಲ್ಲಿ

ಈ ಸಾಧನೆಯೆಲ್ಲ ಹೊರದೇಶದ್ದೇ ಎಂದು ಯಾರೂ ತಿಳಿಯಬೇಕಾಗಿಲ್ಲ. ಮೈಸೂರು ಸಂಸ್ಥಾನ ನೀಡಿದ 371 ಎಕರೆ ಭೂಮಿಯಲ್ಲಿ, ಜಮಶೇಟ್‌ಜಿ ಟಾಟಾ ಅವರ ಸಂಕಲ್ಪದಂತೆ, 1909ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಜನ್ಮತಾಳಿತು. ಜನರ ಬಾಯಲ್ಲಿ ಅದು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್. ಅಣುವೊಂದನ್ನು ಅದು ಚದುರಿಸಿದ ಬೆಳಕಿನಿಂದ ಗುರುತಿಸಬಹುದೆಂದು 1928ರಲ್ಲಿ ಜಗತ್ತಿಗೆ ತೋರಿಸಿದ ಚಂದ್ರಶೇಖರ ವೆಂಕಟರಾಮನ್, 1933ರಲ್ಲಿ ಆ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ ಬಂದು ಕನ್ನಡ ನಾಡಿನಲ್ಲಿಯೇ ನೆಲೆಸಿದರು. ಬೆಳಕನ್ನು ಕುರಿತ ವಿದ್ಯೆಗೆ ಬೆಂಗಳೂರಿನಲ್ಲಿ ಹೀಗೆ ಗಟ್ಟಿಯಾದ ತಳಪಾಯ ಬಿತ್ತು.

ಮುಂದೆ ಅದೇ ಸಂಸ್ಥೆಯಲ್ಲಿ ಎ. ಸೆಲ್ವರಾಜನ್, ಟಿ. ಶ್ರೀನಿವಾಸ್ ಮೊದಲಾದವರು ಬಿಲ್ಲೆಯ ಮೇಲಿನ ಬೆಳಕಿನ ಕಾಲುವೆಗಳ ಅಧ್ಯಯನವನ್ನು ಬೆಳೆಸಿದರು. ಎಸ್. ಅಶೋಕನ್ ಮತ್ತು ಎ. ಕೆ. ಸೂದ್ ಅವರ ತಂಡಗಳು ಗಾಜಿನ ಎಳೆಯ ಹೊರಕವಚವನ್ನು ಆಮ್ಲದಿಂದ ಸವೆಸಿ, ಒಳಗಿನ ಬೆಳಕು ಹೊರಗಿನ ದ್ರವವನ್ನು ಮುಟ್ಟುವಂತೆ ಮಾಡಿ, ಅದರ ಮೇಲೆ ಗ್ರಾಫೀನ್ ಆಕ್ಸೈಡಿನ ಲೇಪ ಹಚ್ಚಿ, ಸಿ-ರಿಯಾಕ್ಟಿವ್ ಪ್ರೋಟೀನನ್ನು ಗುರುತಿಸಿದ ವರದಿಯನ್ನು 2015ರಲ್ಲಿ ಪ್ರಕಟಿಸಿದರು. ಮೈಯಲ್ಲಿ ಸೋಂಕು, ಉರಿಯೂತಗಳಿದ್ದಾಗ ರಕ್ತದಲ್ಲಿ ಏರುವ ಪ್ರೋಟೀನು ಇದು. ಸಂಸ್ಥೆಯ ನ್ಯಾನೋ ವಿಜ್ಞಾನ ಕೇಂದ್ರದಲ್ಲಿ, ಘೆಂಟ್‌ನಲ್ಲಿ ಡಾಕ್ಟರೇಟ್ ಪಡೆದ ಶಂಕರ್ ಕುಮಾರ್ ಸೆಲ್ವರಾಜ ಅವರು ಸಿಲಿಕಾನ್ ಬೆಳಕಿನ ಕಾಲುವೆಗಳ ಸಂಶೋಧನೆ ನಡೆಸುತ್ತಿದ್ದಾರೆ.

ನಮ್ಮ ರಾಜ್ಯವೂ ಹಿಂದುಳಿದಿಲ್ಲ. ಪವಈಯ ಮುಂಬಯಿ ಐಐಟಿಯಲ್ಲಿ ಸೌಮ್ಯೋ ಮುಖರ್ಜಿ ಮತ್ತು ಸಂಗಡಿಗರು ಗಾಜಿನ ಎಳೆಯನ್ನು ದನದ ಲಾಳದಂತೆ ಬಾಗಿಸಿ ಸಂವೇದಕ ಮಾಡಿದರು. ತುಂಬಿದ ಗಾಡಿ ತಿರುವಿನಲ್ಲಿ ಕಾಳು ಚೆಲ್ಲುವಂತೆ, ಬಾಗಿದ ಜಾಗದಲ್ಲಿ ಬೆಳಕು ಹೆಚ್ಚಾಗಿ ಹೊರಕ್ಕೆ ಚಾಚುತ್ತದೆ, ಸೂಕ್ಷ್ಮತೆ ಹೆಚ್ಚುತ್ತದೆ. ದುಬಾರಿ ಬಿಲ್ಲೆಯಿಲ್ಲದೆ, ಅಗ್ಗದ ಎಳೆಯಿಂದಲೇ ಸಾಧಿಸಿದ ಉಪಾಯವಿದು. ಇಲ್ಲೊಂದು ಸಂಗತಿಯನ್ನು ಗಡಿನಾಡಿನವರಾದ ನಾವು ಒತ್ತಿ ಹೇಳಬೇಕು. ಕೇಂದ್ರ ಸರಕಾರದ ನೆರವಿನಿಂದ 2006ರಲ್ಲಿ ಆರಂಭವಾದ ನ್ಯಾನೋ ಎಲೆಕ್ಟ್ರಾನಿಕ್ಸ್ ಉತ್ಕೃಷ್ಟತಾ ಕೇಂದ್ರ ಬೆಂಗಳೂರಿನ ಸಂಸ್ಥೆಗೂ ಮುಂಬಯಿ ಐಐಟಿಗೂ ಜಂಟಿಯಾಗಿ ಸಂದುದು. ದೇಶದ ಬೇರೆ ಬೇರೆ ಕಾಲೇಜುಗಳ ಸಂಶೋಧಕರು ಈ ಎರಡು ಕಡೆಗಳ ಯಂತ್ರಗಳನ್ನು ಬಳಸುವ ಯೋಜನೆ 2008ರಲ್ಲಿ ಬಂತು. ಗಡಿಯ ತಂಟೆ ನ್ಯಾಯಾಲಯದಲ್ಲಿ ನಡೆಯುತ್ತಿದ್ದ ಕಾಲದಲ್ಲಿಯೇ ಎರಡು ರಾಜ್ಯಗಳ ವಿದ್ವಾಂಸರು ಒಂದೇ ಕಣದಲ್ಲಿ ರಾಶಿ ಮಾಡಿದರು.

ಸಾಸ್ತೂರದಿಂದ ನೋಡಿದಾಗ

ಇಷ್ಟೆಲ್ಲ ನಡೆದ ಮೇಲೆ, ಇದರಿಂದ ಸಾಸ್ತೂರದಂಥ ಊರಿಗೆ ಏನು ಎಂದು ಕೇಳುವ ಅಧಿಕಾರ ನಮಗಿದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಸುತ್ತಿನ ಭೂಮಿ ನಡುಗಿತು. ಅನಂತ ಚತುರ್ದಶಿಯ ಗಣಪತಿಯನ್ನು ನೀರಿಗೆ ಬಿಟ್ಟು ಮಲಗಿದ್ದ ಜನ, ಕಲ್ಲುಮಣ್ಣಿನ ಗೋಡೆಗಳಡಿಯಲ್ಲಿ ಸಿಲುಕಿ ಸುಮಾರು ಹತ್ತು ಸಾವಿರದಷ್ಟು ಸಂಖ್ಯೆಯಲ್ಲಿ ಅಸುನೀಗಿದರು. ಆ ದಿನ ಭಾರೀ ಪೆಟ್ಟು ತಿಂದ ಊರುಗಳಲ್ಲಿ ಸಾಸ್ತೂರವೂ ಒಂದು. ಬದುಕುಳಿದವರು ಅಂದು ಕಲಿತ ಪಾಠವೆಂದರೆ, ಚಿಕಿತ್ಸೆ ಎಷ್ಟು ಹತ್ತಿರವೋ ಜೀವ ಅಷ್ಟು ಉಳಿದೀತು ಎಂಬುದು. ಇಂದು ಸಾಸ್ತೂರದಲ್ಲಿ ಗ್ರಾಮೀಣ ಆಸ್ಪತ್ರೆಯಿದೆ. ಇದು ಸಣ್ಣ ಮಾತಲ್ಲ. ಆದರೂ ನಮ್ಮ ತಾಲೂಕುಗಳ ಹಳ್ಳಿಗಳಲ್ಲಿ ಕೆಲವು ಪರೀಕ್ಷೆಗಳಿಗೆ ರಕ್ತ ಲಾತೂರಿಗೋ ಸೊಲ್ಲಾಪುರಕ್ಕೋ ಹೋಗಬೇಕು. ವರದಿ ಬರುವವರೆಗೆ ಕೂಲಿಯವನ ದಿನಗೂಲಿ ಹೋಗುತ್ತದೆ, ಒಮ್ಮೊಮ್ಮೆ ರೋಗ ಮುಂದುವರಿಯುತ್ತದೆ.

ಹಾಸಿಗೆಯ ಪಕ್ಕದಲ್ಲೇ ನಡೆಯುವ ಪರೀಕ್ಷೆಯ ಬೆಲೆ ಎಷ್ಟೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಹಾವು ಕಚ್ಚಿದವನ ರಕ್ತವನ್ನು ಶುದ್ಧವಾದ ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು, ಹೆಪ್ಪುಗಟ್ಟಿತೇ ಇಲ್ಲವೇ ಎಂದು ನೋಡುವ ಪರೀಕ್ಷೆಯನ್ನು ಹಳ್ಳಿಯ ವೈದ್ಯರೆಲ್ಲ ಬಲ್ಲರು. ಒಂದು ನಳಿಕೆ, ಒಂದು ಗಡಿಯಾರ ಇಷ್ಟೇ ಬಂಡವಾಳ. ಕೊಳಕುಮಂಡಲದ ವಿಷವೇರಿದೆಯೇ ಎಂಬುದು ಅಲ್ಲೇ ತಿಳಿಯುತ್ತದೆ. 2020ರ ಮಹಾಮಾರಿಯಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ಆಶಾ ಕಾರ್ಯಕರ್ತೆಯರು ಮನೆಮನೆಗೆ ಒಯ್ದರು. ಅದೂ ಬೆಳಕಿನಿಂದಲೇ ರಕ್ತದ ಆಮ್ಲಜನಕವನ್ನು ಅಳೆಯುವ ಸಾಧನ. ಅದರ ತತ್ತ್ವವನ್ನು ಜಪಾನಿನ ತಕುವೋ ಅಓಯಾಗಿ 1970ರ ದಶಕದಲ್ಲಿ ಕಂಡುಹಿಡಿದರು. ನಮ್ಮ ಮನೆಯಂಗಳಕ್ಕೆ ಬರಲು ಅದಕ್ಕೆ ಸುಮಾರು ಅರ್ಧ ಶತಮಾನ ಹಿಡಿಯಿತು.

ಬೆಳಕಿನ ಕಾಲುವೆಗೂ ಇನ್ನು ಅಷ್ಟೇ ಕಾಲ ಹಿಡಿಯಬೇಕೇ? ತೊಡಕುಗಳು ಇವೆ, ಅವನ್ನು ಮುಚ್ಚಿಡುವುದು ಸಲ್ಲದು. ಬಿಲ್ಲೆ ಅಗ್ಗವಾದರೂ ಅದಕ್ಕೆ ಬೆಳಕನ್ನು ಊಡಿ ಓದುವ ಯಂತ್ರ ಅಗ್ಗವಲ್ಲ. ಕೂದಲಿಗಿಂತ ನೂರು ಪಟ್ಟು ಸಣ್ಣ ಬಾಯಿಗೆ ಬೆಳಕನ್ನು ನಿಖರವಾಗಿ ಸೇರಿಸುವುದೇ ಕಷ್ಟದ ಕೆಲಸ. ರಕ್ತದಲ್ಲಿರುವ ಬೇರೆ ಪ್ರೋಟೀನುಗಳೂ ಬಂದು ಅಂಟಿಕೊಂಡರೆ ಸುಳ್ಳು ಫಲಿತಾಂಶ ಬರುತ್ತದೆ. ತಾಪಮಾನ ತುಸು ಏರಿದರೂ ಸೂಚ್ಯಂಕ ಬದಲಾಗುತ್ತದೆ. ಅದಕ್ಕಾಗಿಯೇ ಪಕ್ಕದಲ್ಲಿ ಮುಚ್ಚಿದ ಕಾಲುವೆಯೊಂದನ್ನು ಇಟ್ಟು ಹೋಲಿಸುತ್ತಾರೆ. ಪ್ರತಿಕಾಯಗಳಿಗೆ ತಂಪು ಬೇಕು. ನಮ್ಮ ಮೇ ತಿಂಗಳ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ, ವಿದ್ಯುತ್ತು ಹೇಳದೆ ಹೋಗುತ್ತದೆ. ತಂಪಾದ ಪ್ರಯೋಗಾಲಯದಲ್ಲಿ ಗೆದ್ದ ಉಪಕರಣ ಮರಾಠವಾಡೆಯ ಬೇಸಗೆಯಲ್ಲಿ ಗೆದ್ದರೆ ಮಾತ್ರ ನಿಜವಾಗಿ ಗೆದ್ದಂತೆ.

ಹಾಗೆ ಗೆದ್ದರೆ ಲಾಭ ಆಸ್ಪತ್ರೆಗಷ್ಟೇ ಅಲ್ಲ. ತೇವದಲ್ಲಿ ಕೂಡಿಟ್ಟ ಶೇಂಗಾ, ಮೆಕ್ಕೆಜೋಳಗಳಿಗೆ ಬೂಷ್ಟು ಹಿಡಿದಾಗ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಕಣ್ಣಿಗೆ ಅದು ಕಾಣದು. ಜ್ಯೂರಿಕ್‌ನ ಪದ್ಧತಿಯನ್ನೇ ಅನುಸರಿಸಿ ಹಂಗೇರಿಯ ಸಂಶೋಧಕರು ಧಾನ್ಯದಲ್ಲಿರುವ ಈ ವಿಷವನ್ನು ಬೆಳಕಿನ ಕಾಲುವೆಯಿಂದ ಗುರುತಿಸಿ 2007ರಲ್ಲಿ ಪ್ರಕಟಿಸಿದರು. ಕಬ್ಬಿನ ಬ್ರಿಕ್ಸ್ ನೋಡಿದಂತೆ ಅಡತಿ ಅಂಗಡಿಯ ಕಟ್ಟೆಯ ಮೇಲೆಯೇ ಕಾಳಿನ ವಿಷವನ್ನು ನೋಡುವ ದಿನ ಬಂದರೆ, ರೈತನ ಮಾಲಿಗೆ ನ್ಯಾಯವಾದ ಬೆಲೆಯೂ ಉಣ್ಣುವವನಿಗೆ ಆರೋಗ್ಯವೂ ಕೂಡಿ ಬಂದಾವು.

ಮಾತಿನ ಹೊಣೆ

ವಿಜ್ಞಾನದ ಈ ಲೇಖನ ಸಾಹಿತ್ಯ ಸಮ್ಮೇಳನದ ಸಂಚಿಕೆಯಲ್ಲಿ ಏಕೆಂದು ಕೆಲವರು ಕೇಳಬಹುದು. 1918ರಲ್ಲಿ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರು. ಅದೇ ವರ್ಷ, ನಮ್ಮ ಸೀಮೆಯನ್ನು ಆಳುತ್ತಿದ್ದ ನಿಜಾಮರ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಅದಕ್ಕಾಗಿಯೇ ಭಾಷಾಂತರ ವಿಭಾಗವನ್ನು ತೆರೆದು ವೈದ್ಯ, ವಿಜ್ಞಾನಗಳನ್ನು ಉರ್ದುವಿಗೆ ತಂದರು. ದೇಶಭಾಷೆಯಲ್ಲಿ ಉನ್ನತ ವಿದ್ಯೆ ಸಾಧ್ಯವೆಂಬುದನ್ನು ಹೀಗೆ ನಮ್ಮ ಎರಡೂ ದಿಕ್ಕಿನವರು ನೂರು ವರ್ಷಗಳ ಹಿಂದೆಯೇ ತೋರಿಸಿಕೊಟ್ಟರು. ಶಿವರಾಮ ಕಾರಂತರಂಥ ಕಾದಂಬರಿಕಾರರು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಬರೆದರು. ಅಂದಮೇಲೆ ವಿಜ್ಞಾನ ಸಾಹಿತ್ಯದ ಅಂಗಳದ ಹೊರಗಿನದೆಂದು ಹೇಳುವಂತಿಲ್ಲ.

1956ರ ನವೆಂಬರ್ 1ರಂದು ಹಳೆಯ ಬೀದರ ಜಿಲ್ಲೆ ಒಡೆದು ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು ಮುಂಬಯಿ ಪ್ರಾಂತಕ್ಕೆ ಸಂದವು. ನಕ್ಷೆಯ ಗೆರೆ ಆ ದಿನ ಜರುಗಿತು. ಮನೆಯ ಮಾತು ಜರುಗಲಿಲ್ಲ. ಇಂದು ನಮ್ಮ ಮಗು ಶಾಲೆಯ ಮರಾಠಿ ಪುಸ್ತಕದಲ್ಲಿ ‘ಅಪವರ್ತನ’ವೆಂದು ಓದುತ್ತದೆ, ಗಡಿಯಾಚೆ ಬಸವಕಲ್ಯಾಣದ ಮಗು ಅದನ್ನೇ ‘ವಕ್ರೀಭವನ’ವೆಂದು ಓದುತ್ತದೆ. ಹೆಸರು ಎರಡು, ಬಾಗುವ ಬೆಳಕು ಒಂದೇ. ಎರಡೂ ಹೆಸರುಗಳನ್ನು ಬಲ್ಲ ಮಗು ಬಡವಾಗುವುದಿಲ್ಲ. ಮನೆಯ ಮಾತಿನಲ್ಲಿ ಅದನ್ನು ವಿವರಿಸುವವರು ಇಲ್ಲದ ಮಗು ಬಡವಾಗುತ್ತದೆ.

ಆದ್ದರಿಂದ ನಮ್ಮ ಸಂಘಕ್ಕೆ ನಮ್ಮ ವಿನಂತಿ ಇಷ್ಟೆ. ವರ್ಷಕ್ಕೊಮ್ಮೆ ಕವಿಗೋಷ್ಠಿಯ ಪಕ್ಕದಲ್ಲಿ ವಿಜ್ಞಾನಗೋಷ್ಠಿಯೂ ಒಂದಿರಲಿ. ಬೆಂಗಳೂರಿನ ವಿಜ್ಞಾನ ಸಂಸ್ಥೆ ವರ್ಷಕ್ಕೊಂದು ದಿನ ತನ್ನ ಬಾಗಿಲುಗಳನ್ನು ಸಾರ್ವಜನಿಕರಿಗೆ ತೆರೆಯುತ್ತದೆ. ನಮ್ಮ ಮೂರು ತಾಲೂಕುಗಳಿಂದ ಹತ್ತು ಮಕ್ಕಳನ್ನಾದರೂ ಸಂಘ ಆ ದಿನ ಅಲ್ಲಿಗೆ ಕರೆದೊಯ್ಯಲಿ. ಅವರಲ್ಲೊಬ್ಬರು ಮುಂದೆ ನಲವತ್ತೆರಡು ಡಿಗ್ರಿಯ ಬಿಸಿಲಲ್ಲೂ ತಪ್ಪದೆ ನಡೆಯುವ ಬೆಳಕಿನ ಕಾಲುವೆಯನ್ನು ರಚಿಸಿಯಾರು. ಗಡಿಯಾಚೆಗೆ ಚಾಚುವ ಬೆಳಕು ಬಹಳ ಸ್ವಲ್ಪ. ಆದರೆ ಆಚೆ ಏನಿದೆಯೆಂದು ತಿಳಿದು ಹೇಳುವುದು ಆ ಸ್ವಲ್ಪವೇ. ಎರಡು ಭಾಷೆಗಳ ನಡುವೆ ಬಾಳುವ ನಮ್ಮ ಮಕ್ಕಳಿಗೆ ಆ ಕೆಲಸ ಹೊಸದಲ್ಲ.